ಶೂಬರ್ಟ್‌ನ ಸಂಗೀತ ಅವನ ಊರಿಗೇ ಯಾಕೆ ಕೇಳಿಸಲಿಲ್ಲ?

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಲಿ ನಡೆದಿತ್ತು. ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಮನೆಯವರೂ ಬಂದು ಕೂತಿದ್ದರು. ಕೈ ಸುಲಿಯುತ್ತಿದ್ದರೂ ಕಿವಿಗೆ ಏನಾದರೊಂದು ಬೇಕು, ಇಲ್ಲದಿದ್ದರೆ ನಿದ್ದೆ ಬರುತ್ತದೆ. ಹಳೆಯ ತಾಳಮದ್ದಳೆಯ ರೆಕಾರ್ಡಿಂಗ್ ಒಂದು ಆಗಷ್ಟೇ ಮುಗಿದಿತ್ತು. ನಾನು ಮೊಬೈಲಿನಲ್ಲಿ ಜರ್ಮನ್ ಭಾಷೆಯ ಹಾಡೊಂದನ್ನು ಹಾಕಿದೆ. ವಿಯೆನ್ನಾದ ರಚನೆಕಾರ ಫ್ರಾಂಜ್ ಶೂಬರ್ಟ್ 1827ರಲ್ಲಿ ಬರೆದದ್ದು, ಹೆಸರು 'ಡೇರ್ ಲೈಯರ್‌ಮನ್'. ಒಂದು ದನಿ, ಒಂದು ಪಿಯಾನೊ, ಅಷ್ಟೇ.

ಅರ್ಧ ನಿಮಿಷ ಆಗಿರಬಹುದು. ದೊಡ್ಡಪ್ಪ ಸುಲಿಯುವುದು ನಿಲ್ಲಿಸಿ ಕೇಳಿದರು, "ಇದು ತಂಬೂರಿ ಅಲ್ದನಾ ತಮಾ?"

ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ಆ ಹಾಡಿನಲ್ಲಿ ಪಿಯಾನೊದ ಎಡಗೈ ಮೊದಲಿಂದ ಕೊನೆಯವರೆಗೆ ಎರಡೇ ಸ್ವರ ಹಿಡಿದು ಕೂರುತ್ತದೆ. ನಮ್ಮ ಲೆಕ್ಕದಲ್ಲಿ ಸಾ ಮತ್ತು ಪ. ಹಾಡಿನ ಕತೆಯೂ ಅದೇ. ಊರಾಚೆ ಒಬ್ಬ ಮುದುಕ ಬರಿಗಾಲಲ್ಲಿ ಮಂಜುಗಡ್ಡೆಯ ಮೇಲೆ ನಿಂತಿದ್ದಾನೆ. ಕೈಯಲ್ಲಿ ಹಿಡಿಕೆ ತಿರುಗಿಸಿ ನುಡಿಸುವ ವಾದ್ಯ. ತಿರುಗಿಸಿದಾಗ ಒಳಗಿನ ಚಕ್ರ ತಂತಿಗೆ ಉಜ್ಜಿ ಒಂದೇ ಶ್ರುತಿ ಹೊರಡುತ್ತಾ ಇರುತ್ತದೆ. ಅವನ ತಟ್ಟೆ ಖಾಲಿ. ಯಾರೂ ಕೇಳುತ್ತಿಲ್ಲ. ಸುತ್ತ ನಾಯಿಗಳು ಗುರುಗುಡುತ್ತಿವೆ. ಅವನು ತಿರುಗಿಸುತ್ತಲೇ ಇದ್ದಾನೆ.

ಹಾಡು ಮುಗಿದ ಮೇಲೆ ದೊಡ್ಡಪ್ಪ ಇನ್ನೊಂದು ಕೇಳಿದರು. ಇಂಥದ್ದು ಬರೆದವನನ್ನು ಅಲ್ಲಿಯವರು ಹೊತ್ತು ಮೆರೆಸಿರಬೇಕಲ್ಲ? ಇಲ್ಲ ಅಂದೆ. ಯಾಕೆ ಅಂದರು. ಆ ರಾತ್ರಿ ನನಗೆ ಸರಿಯಾಗಿ ವಿವರಿಸಲು ಆಗಲಿಲ್ಲ. 'ಬದುಕಿದ್ದಾಗ ಯಾರೂ ಗುರುತಿಸಲಿಲ್ಲ ಪಾಪ' ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟೆ. ಅದು ಪೂರ್ತಿ ನಿಜ ಅಲ್ಲ. ನಿಜವಾದ ಕಾರಣ ಇದಕ್ಕಿಂತ ಜಟಿಲ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ವ್ಯತ್ಯಾಸ ಗೊತ್ತಿರಬೇಕು. ನಮ್ಮ ಹಿಂದೂಸ್ತಾನಿ ಸಂಗೀತದಲ್ಲಿ ಒಂದು ಚೀಜ್ ಅಂದರೆ ಎರಡು ಸಾಲಿನ ಬಂದಿಶ್, ರಾಗದಲ್ಲಿ ಕಟ್ಟಿದ ಪುಟ್ಟ ಹಾಡು. ಗುರು ಹೇಳಿಕೊಡುತ್ತಾರೆ, ಶಿಷ್ಯ ಕಲಿಯುತ್ತಾನೆ. ಅದನ್ನು ಹಿಡಿದು ಮುಕ್ಕಾಲು ಗಂಟೆ ರಾಗ ಬೆಳೆಸುವುದು ಹಾಡುಗಾರನ ಕೆಲಸ. ಚೀಜ್ ಬದುಕಿರುವುದು ಗಂಟಲಲ್ಲಿ. ಸಂಗೀತ ವಿದ್ವಾಂಸ ಭಾತಖಂಡೆಯವರು ಮನೆತನಗಳ ಒಳಗೆ ಉಳಿದಿದ್ದ ಚೀಜ್‌ಗಳನ್ನು ಹುಡುಕಿ ಸ್ವರಲಿಪಿ ಹಾಕಿ ಅಚ್ಚು ಮಾಡಿಸಿದರು. ಆದರೆ ಅವು ಅದಕ್ಕೂ ಮೊದಲೇ ಹಾಡಿನಲ್ಲಿ ಇದ್ದವು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಇದು ತಿರುಗುಮುರುಗು. ರಚನೆಕಾರ ಒಂದೊಂದು ಸ್ವರವನ್ನೂ ಕಾಗದದ ಮೇಲೆ ಬರೆಯುತ್ತಾನೆ. ಪಿಟೀಲಿಗೆ ಏನು, ಕೊಳಲಿಗೆ ಏನು, ಎಲ್ಲಿ ಜೋರು, ಎಲ್ಲಿ ಮೆಲ್ಲಗೆ, ಎಲ್ಲವನ್ನೂ. ನಲವತ್ತು ಐವತ್ತು ಜನ ಕೂತು ಆ ಕಾಗದ ನೋಡಿ ನುಡಿಸಿದಾಗಲೇ ಅದು ಸಂಗೀತ. ಆ ಕಾಗದ ಯಾರದೋ ಪೆಟ್ಟಿಗೆಯಲ್ಲಿ ಉಳಿದರೆ ಸಂಗೀತವೂ ಅಲ್ಲೇ ಉಳಿಯುತ್ತದೆ. ಗುರುತಿಸುವುದು, ಮೆಚ್ಚುವುದು, ಬಯ್ಯುವುದು ಎಲ್ಲ ಆಮೇಲಿನ ಮಾತು. ಮೊದಲು ಕೇಳಿಸಬೇಕಲ್ವಾ?

ಶೂಬರ್ಟ್‌ನ ಕಷ್ಟದ ಬೇರು ಇಲ್ಲಿದೆ.

ಅವನು ಹುಟ್ಟಿದ್ದು 1797ರ ಜನವರಿ 31ರಂದು, ವಿಯೆನ್ನಾದ ಅಂಚಿನ ಒಂದು ಬಡಾವಣೆಯಲ್ಲಿ. ಅಪ್ಪ ಶಾಲೆ ಮಾಸ್ತರು. ಮನೆಯಲ್ಲೇ ಅಪ್ಪ, ಅಣ್ಣಂದಿರು ಸೇರಿ ತಂತಿವಾದ್ಯ ನುಡಿಸುತ್ತಿದ್ದರು. ಹುಡುಗನ ದನಿ ಚೆನ್ನಾಗಿತ್ತು. 1808ರಲ್ಲಿ ಅರಮನೆಯ ಚರ್ಚಿನ ಗಾಯನ ತಂಡಕ್ಕೆ ಆಯ್ಕೆಯಾದ. ಅದರ ಜೊತೆಗೆ ಒಳ್ಳೆಯ ವಸತಿ ಶಾಲೆಯೂ ಸಿಕ್ಕಿತು. ಸಾಲಿಯೇರಿಯಂಥ ದೊಡ್ಡ ಹೆಸರಿನವರು ಪಾಠ ಹೇಳಿದರು. ದನಿ ಒಡೆದ ಮೇಲೆ ಶಾಲೆ ಬಿಟ್ಟ. ಅಪ್ಪನ ಶಾಲೆಯಲ್ಲೇ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಸಹಾಯಕ ಮಾಸ್ತರನಾದ. ಆ ಕೆಲಸ ಅವನಿಗೆ ಒಗ್ಗಲಿಲ್ಲ. ಆದರೆ ಅದೇ ದಿನಗಳಲ್ಲಿ ಅವನು ಬರೆದದ್ದನ್ನು ನೋಡಿದರೆ ಮೈ ಜುಂ ಅನ್ನುತ್ತದೆ.

1814ರ ಅಕ್ಟೋಬರ್ 19. ವಯಸ್ಸು 17. ಕವಿ ಗಯಟೆಯ 'ಫೌಸ್ಟ್' ನಾಟಕದಲ್ಲಿ ಗ್ರೆಟ್ಖೆನ್ ಎಂಬ ಹುಡುಗಿ ರಾಟೆಯಲ್ಲಿ ನೂಲುತ್ತಾ ಪ್ರಿಯಕರನನ್ನು ನೆನೆಯುವ ಪದ್ಯ ಇದೆ. ಅದಕ್ಕೆ ಶೂಬರ್ಟ್ ಸಂಗೀತ ಹಾಕಿದ. ಪಿಯಾನೊದ ಬಲಗೈ ರಾಟೆಯ ಹಾಗೆ ಸುತ್ತುತ್ತಲೇ ಇರುತ್ತದೆ. ಹುಡುಗಿಗೆ ಅವನ ಮುತ್ತಿನ ನೆನಪು ಬಂದ ಕ್ಷಣ ರಾಟೆ ನಿಲ್ಲುತ್ತದೆ. ಪಿಯಾನೊ ಸುಮ್ಮನಾಗುತ್ತದೆ. ಆಮೇಲೆ ತಡವರಿಸಿ, ಮತ್ತೆ ತಡವರಿಸಿ, ತಿರುಗಲು ಶುರು ಮಾಡುತ್ತದೆ. ಪಿಯಾನೊ ಇಲ್ಲಿ ಬರೀ ಸಾಥಿ ಅಲ್ಲ. ಅದೂ ಒಂದು ಪಾತ್ರ.

ಮರುವರ್ಷ, 1815ರಲ್ಲಿ, ಒಂದೇ ವರ್ಷಕ್ಕೆ ಸುಮಾರು 140 ಹಾಡು ಬರೆದ. ಅದರಲ್ಲೊಂದು 'ಏರ್ಲ್‌ಕೋನಿಗ್'. ಇದೂ ಗಯಟೆಯ ಪದ್ಯ. ಗಾಳಿ ಬೀಸುವ ರಾತ್ರಿ ಅಪ್ಪನೊಬ್ಬ ಮಗನನ್ನು ತಬ್ಬಿಕೊಂಡು ಕುದುರೆ ಓಡಿಸುತ್ತಿದ್ದಾನೆ. ದೇವಿಮನೆ ಘಟ್ಟವನ್ನು ರಾತ್ರಿ ಇಳಿದವರಿಗೆ ಆ ಕತ್ತಲೆ, ಆ ಮರಗಳು ಕಣ್ಣಿಗೆ ಬಂದಾವು. ಮಗನಿಗೆ ಮಾತ್ರ ಕಾಣುವ ಒಂದು ಭೂತರಾಜ ಮಗುವನ್ನು ಕರೆಯುತ್ತಾನೆ. ಅಪ್ಪ ಅದು ಮಂಜು, ಅದು ಎಲೆ ಅನ್ನುತ್ತಾನೆ. ಮನೆ ಮುಟ್ಟುವ ಹೊತ್ತಿಗೆ ಮಗು ಸತ್ತಿದೆ.

ಈ ಹಾಡಿನಲ್ಲಿ ಕತೆ ಹೇಳುವವ, ಅಪ್ಪ, ಮಗ, ಭೂತರಾಜ, ನಾಲ್ಕೂ ಒಬ್ಬನೇ ಹಾಡಬೇಕು. ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಹೊಸದಲ್ಲ. ಭಾಗವತರು ಒಬ್ಬರೇ ರಾಮನ ಪದವನ್ನೂ ಹೇಳುತ್ತಾರೆ, ರಾವಣನ ಪದವನ್ನೂ ಹೇಳುತ್ತಾರೆ. ದನಿಯ ಬಣ್ಣ ಬದಲಾಗುತ್ತದೆ, ನಮಗೆ ಪಾತ್ರ ಕಾಣುತ್ತದೆ. ಶೂಬರ್ಟ್ ಅದನ್ನು ಸ್ವರದಲ್ಲೇ ಬರೆದಿಟ್ಟ. ಅಪ್ಪನದು ತಗ್ಗಿನ ಸ್ವರ. ಭೂತರಾಜನದು ಹಿತವಾದ, ಮುದ್ದು ಮಾಡುವ ಧಾಟಿ. ಭಯ ಹುಟ್ಟುವುದೇ ಆ ಹಿತದಿಂದ. ಮಗು 'ಅಪ್ಪಾ' ಎಂದು ಕೂಗುವಾಗ ಪ್ರತಿ ಸಲ ಶ್ರುತಿ ಒಂದು ಮೆಟ್ಟಿಲು ಮೇಲೇರುತ್ತದೆ. ಪಿಯಾನೊದ ಬಲಗೈ ಕುದುರೆಯ ಓಟ. ಎಷ್ಟು ವೇಗ ಅಂದರೆ, ತಾನೇ ನುಡಿಸುವಾಗ ಶೂಬರ್ಟ್ ಅದನ್ನು ಸ್ವಲ್ಪ ಸುಲಭ ಮಾಡಿಕೊಳ್ಳುತ್ತಿದ್ದ. ಕೊನೆಯ ಸಾಲಿಗೆ ಕುದುರೆ ನಿಲ್ಲುತ್ತದೆ. 'ಮಗು ಸತ್ತಿತ್ತು' ಎಂಬ ಮಾತನ್ನು ಹೆಚ್ಚುಕಡಿಮೆ ಮಾತಾಡಿದ ಹಾಗೆ ಹೇಳಬೇಕು.

ಹದಿನೆಂಟರ ಹುಡುಗ ಇದನ್ನು ಬರೆದ. ಆಮೇಲೆ ಈ ಕಾಗದಕ್ಕೆ ಏನಾಯಿತು ನೋಡಿ.

1816ರಲ್ಲಿ ಅವನ ಗೆಳೆಯ ಶ್ಪೌನ್ ಗಯಟೆಯ ಪದ್ಯಗಳ ಹಾಡುಗಳನ್ನೆಲ್ಲ ಅಂದವಾಗಿ ನಕಲು ಮಾಡಿಸಿ, ವಿನಯದ ಪತ್ರ ಇಟ್ಟು, ಸ್ವತಃ ಗಯಟೆಗೆ ಕಳಿಸಿದ. ಕಟ್ಟು ಹಾಗೇ ವಾಪಸ್ ಬಂತು. ಒಂದು ಸಾಲಿನ ಉತ್ತರವೂ ಇಲ್ಲ. ಮರುವರ್ಷ 'ಏರ್ಲ್‌ಕೋನಿಗ್' ಅನ್ನು ಲೈಪ್ಜಿಗ್‌ನ ದೊಡ್ಡ ಪ್ರಕಾಶಕರಿಗೆ ಕಳಿಸಿದರು. ಅವರಿಗೆ ಬೇಕಾಗಿರಲಿಲ್ಲ. ಹಿಂದಿರುಗಿಸುವಾಗ, ಫ್ರಾಂಜ್ ಶೂಬರ್ಟ್ ಎಂದರೆ ತಮಗೆ ಗೊತ್ತಿದ್ದ ಡ್ರೆಸ್ಡೆನ್ ಊರಿನ ಸಂಗೀತಗಾರನೇ ಇರಬೇಕು ಎಂದುಕೊಂಡು ಅವನಿಗೆ ಕಳಿಸಿಬಿಟ್ಟರು. ಆ ಇನ್ನೊಬ್ಬ ಶೂಬರ್ಟ್ ಕೆಂಡವಾದ. ಇಂಥ ಕಳಪೆ ನನ್ನದಲ್ಲ, ನನ್ನ ಹೆಸರು ಕೆಡಿಸಿದವ ಯಾರೆಂದು ಪತ್ತೆ ಮಾಡುತ್ತೇನೆ ಎಂಬ ಅರ್ಥದಲ್ಲಿ ಉತ್ತರ ಬರೆದ. ಇದನ್ನು ಓದುವಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಆ ಡ್ರೆಸ್ಡೆನ್‌ನವನನ್ನು ಜನ ಇವತ್ತು ನೆನೆಯುವುದು ಜಾಸ್ತಿಯಾಗಿ ಈ ಒಂದು ಪತ್ರಕ್ಕಾಗಿ.

ಆಗಿನ ವಿಯೆನ್ನಾದಲ್ಲಿ ರಚನೆಕಾರನೊಬ್ಬ ಹೆಸರು ಮಾಡಲು ದಾರಿ ಕೆಲವೇ ಇದ್ದವು. ಒಂದು, ವೇದಿಕೆ ಮೇಲೆ ತಾನೇ ಬೆರಗುಗೊಳಿಸುವ ಹಾಗೆ ನುಡಿಸುವುದು. ಬೀಥೋವನ್ ಮೊದಲು ಹೆಸರಾದದ್ದು ಪಿಯಾನೊ ವಾದಕನಾಗಿ. ಶೂಬರ್ಟ್‌ಗೆ ಆ ಕೈ ಇರಲಿಲ್ಲ, ಆ ಸ್ವಭಾವವೂ ಇರಲಿಲ್ಲ. ಎರಡು, ಸಂಬಳದ ಹುದ್ದೆ. 1816ರಲ್ಲಿ ಲೈಬಾಖ್‌ನಲ್ಲಿ, ಅಂದರೆ ಇಂದಿನ ಲ್ಯುಬ್ಲಿಯಾನಾದಲ್ಲಿ, ಸಂಗೀತ ಶಿಕ್ಷಕನ ಕೆಲಸಕ್ಕೆ ಅರ್ಜಿ ಹಾಕಿದ, ಸಿಗಲಿಲ್ಲ. 1826ರಲ್ಲಿ ಅರಮನೆಯ ಉಪ ಸಂಗೀತ ನಿರ್ದೇಶಕನ ಹುದ್ದೆಗೆ ಹಾಕಿದ, ಅದು ಯೋಸೆಫ್ ವೈಗಲ್‌ಗೆ ಹೋಯಿತು. ಮೂರು, ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ದುಡ್ಡು, ಹೆಸರು ಎರಡೂ ಅಲ್ಲೇ ಇತ್ತು. ಆದರೆ ಊರಿಗೆಲ್ಲ ಇಟಲಿಯ ಒಪೆರಾ ರಚನೆಕಾರ ರೊಸೀನಿಯ ಗುಂಗು ಹಿಡಿದಿತ್ತು. ಶೂಬರ್ಟ್ ವರ್ಷಗಟ್ಟಲೆ ಒಪೆರಾಗಳಿಗೆ ಕೂತ. 'ರೋಸಮುಂಡೆ' ಎಂಬ ನಾಟಕಕ್ಕೆ ಅವನು ಬರೆದ ಸಂಗೀತ 1823ರ ಡಿಸೆಂಬರಿನಲ್ಲಿ ಎರಡೇ ಪ್ರದರ್ಶನ ಕಂಡಿತು. 'ಅಲ್ಫೊನ್ಸೊ ಮತ್ತು ಎಸ್ಟ್ರೆಲ್ಲಾ' ಎಂಬ ಪೂರ್ತಿ ಒಪೆರಾ ವೇದಿಕೆ ಹತ್ತಿದ್ದು 1854ರಲ್ಲಿ, ರಚನೆಕಾರ ಲಿಸ್ಟ್‌ನ ನಿರ್ದೇಶನದಲ್ಲಿ. ಶೂಬರ್ಟ್ ಸತ್ತು ಆಗಲೇ 26 ವರ್ಷ.

ಹಾಗಾದರೆ ಯಾರಿಗೂ ಅವನು ಬೇಡವಾಗಿದ್ದನಾ? ಅಲ್ಲ. ದೊಡ್ಡಪ್ಪನಿಗೆ ನಾನು ತಪ್ಪು ಹೇಳಿದ್ದು ಇಲ್ಲೇ.

ಅವನ ಸುತ್ತ ಒಂದು ಗೆಳೆಯರ ಬಳಗ ಇತ್ತು. ಕವಿಗಳು, ಚಿತ್ರಕಾರರು, ಗುಮಾಸ್ತರು, ವಕೀಲರು. ಯಾರಾದರೊಬ್ಬರ ಮನೆಯಲ್ಲಿ ಸಂಜೆ ಸೇರುತ್ತಿದ್ದರು. ಶೂಬರ್ಟ್ ಪಿಯಾನೊಕ್ಕೆ ಕೂರುತ್ತಿದ್ದ. ಫೋಗಲ್ ಎಂಬ ಒಪೆರಾ ಗಾಯಕ, ಆಗಲೇ ಪ್ರಸಿದ್ಧ, ಇವನಿಗಿಂತ ತುಂಬ ಹಿರಿಯ, ಹಾಡುತ್ತಿದ್ದ. ಆಮೇಲೆ ಊಟ, ಕುಣಿತ. ಈ ಸಂಜೆಗಳಿಗೆ ಅವನದೇ ಹೆಸರಿಟ್ಟು 'ಶೂಬರ್ಟಿಯಾಡ್' ಎಂದರು. ನಮ್ಮ ಕಡೆಯ ಮನೆ ಬೈಠಕ್ ನೆನಪಿಗೆ ತಂದುಕೊಳ್ಳಿ. ಜಗಲಿಯಲ್ಲಿ ಜಮಖಾನ, ಮೂವತ್ತು ನಲವತ್ತು ಜನ, ಟಿಕೆಟ್ ಇಲ್ಲ. ಹಾಡುವವರ ಉಸಿರೂ ಕೇಳುತ್ತದೆ. ಅಂಥ ಬೈಠಕ್‌ನಲ್ಲಿ ಕೇಳಿದ ಮಾರವಾ ರಾಗ ದೊಡ್ಡ ಸಭಾಭವನದಲ್ಲಿ ನನಗೆ ಎಂದೂ ಸಿಕ್ಕಿಲ್ಲ. ಶೂಬರ್ಟ್‌ನ ಹಾಡುಗಳು ಹುಟ್ಟಿದ್ದೇ ಅಂಥ ಕೋಣೆಗಳಿಗೆ.

ಅದೇ ಗೆಳೆಯರು 1821ರಲ್ಲಿ ಚಂದಾ ಎತ್ತಿ 'ಏರ್ಲ್‌ಕೋನಿಗ್' ಅಚ್ಚು ಮಾಡಿಸಿದರು. ಅದೇ ವರ್ಷ ಮಾರ್ಚ್ 7ರಂದು ಫೋಗಲ್ ಅದನ್ನು ಸಾರ್ವಜನಿಕ ಕಚೇರಿಯಲ್ಲಿ ಹಾಡಿದ, ಜನ ಕುಣಿದಾಡಿದರು. ಪ್ರಕಾಶಕರು ಕದ ತೆರೆದರು. ಅಲ್ಲಿಂದ ಮುಂದೆ ಹಾಡುಗಳು, ಕುಣಿತದ ತುಣುಕುಗಳು, ಇಬ್ಬರು ಒಟ್ಟಿಗೆ ನುಡಿಸುವ ಪಿಯಾನೊ ರಚನೆಗಳು ಅಚ್ಚಾಗುತ್ತಾ ಹೋದವು. ಮನೆಮನೆಯ ಪಿಯಾನೊಗೆ ಬೇಕಾದದ್ದು ಇವೇ. ಇಡೀ ವಾದ್ಯವೃಂದಕ್ಕೆ ಬರೆದ ಸಿಂಫನಿ, ಒಂದೆರಡು ವಾದ್ಯಕ್ಕೆ ಬರೆದ ದೊಡ್ಡ ಸೊನಾಟಾಗಳನ್ನು ಕೇಳುವವರೇ ಇರಲಿಲ್ಲ. ಅಚ್ಚಾದವುಗಳ ಹಕ್ಕನ್ನೂ ಒಂದೇ ಗಂಟಿಗೆ ಮಾರಿಕೊಂಡುಬಿಟ್ಟ. ಆಮೇಲಿನ ಲಾಭ ಪ್ರಕಾಶಕರಿಗೆ.

ಹೀಗೆ ವಿಯೆನ್ನಾಕ್ಕೆ ಒಬ್ಬ ಶೂಬರ್ಟ್ ಗೊತ್ತಿದ್ದ. ಚೆಂದದ ಹಾಡು ಬರೆಯುವ ಹುಡುಗ. ಅವನು ಬರೆದ 600ಕ್ಕೂ ಮಿಕ್ಕಿದ ಹಾಡುಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಅವನು ಸಾಯುವಾಗ ಅಚ್ಚಾಗಿರಲಿಲ್ಲ. ಸಿಂಫನಿ ಬರೆದ ಶೂಬರ್ಟ್ ಅಂತೂ ಊರಿಗೆ ಗೊತ್ತೇ ಇರಲಿಲ್ಲ. ಬದುಕಿದ್ದಾಗ ಅವನ ಒಂದು ಸಿಂಫನಿಯೂ ಸಾರ್ವಜನಿಕ ಕಚೇರಿಯಲ್ಲಿ ನುಡಿಯಲಿಲ್ಲ. ಮೊದಲಿನವು ಶಾಲೆಯಲ್ಲಿ, ಹವ್ಯಾಸಿ ತಂಡದಲ್ಲಿ ನುಡಿದವು, ಅಷ್ಟೇ.

1822ರ ಕೊನೆಗೆ, ಅಥವಾ 1823ರ ಶುರುವಿಗೆ, ಅವನಿಗೆ ಸಿಫಿಲಿಸ್ ತಗುಲಿತು. ಆಗ ಅದಕ್ಕೆ ಮದ್ದಿರಲಿಲ್ಲ. ಆಸ್ಪತ್ರೆ ಸೇರಿದ. ಕೂದಲು ಉದುರಿತು. 1824ರಲ್ಲಿ ಚಿತ್ರಕಾರ ಗೆಳೆಯನಿಗೆ ಬರೆದ ಪತ್ರದಲ್ಲಿ, ದಿನಾ ರಾತ್ರಿ ಮಲಗುವಾಗ ಮತ್ತೆ ಏಳದಿದ್ದರೆ ಸಾಕು ಅನಿಸುತ್ತದೆ ಎಂದಿದ್ದಾನೆ. ಅವನಿಗೆ 27 ವರ್ಷ.

ಇಲ್ಲಿಂದ ಮುಂದಿನ ಶೂಬರ್ಟ್‌ನನ್ನು ಕೇಳಲು ಒಂದು ಕೀಲಿ ಕೊಡುತ್ತೇನೆ. ಪಾಶ್ಚಾತ್ಯರ ಮೇಜರ್, ಮೈನರ್ ಎಂಬ ಮಾತು ಕೇಳಿರುತ್ತೀರಿ. ನಮ್ಮ ಕಿವಿಗೆ ಅದು ಸುಲಭ. ಸಾ ಅಲ್ಲೇ ಇರುತ್ತದೆ. ಶುದ್ಧ ಗಾಂಧಾರ ಇದ್ದರೆ ಮೇಜರ್, ಕೋಮಲ ಗಾಂಧಾರ ಆದರೆ ಮೈನರ್. ಬೇರೆ ಸ್ವರಗಳೂ ಬದಲಾಗುತ್ತವೆ, ಆದರೆ ಎದೆಗೆ ತಾಗುವುದು ಗಾಂಧಾರ. ಉಳಿದವರು ಮೈನರನ್ನು ದುಃಖಕ್ಕೆ, ಮೇಜರನ್ನು ಸುಖಕ್ಕೆ ಇಟ್ಟುಕೊಂಡರು. ಶೂಬರ್ಟ್‌ನಲ್ಲಿ ಹಲವು ಸಲ ಇದು ಉಲ್ಟಾ. 1827ರ 'ವಿಂಟರ್‌ರೈಸ', ಅಂದರೆ ಚಳಿಗಾಲದ ಪಯಣ, 24 ಹಾಡುಗಳ ಮಾಲೆ. ಕವಿ ವಿಲ್ಹೆಲ್ಮ್ ಮ್ಯುಲರ್. ಮೊದಲ ಹಾಡಿನಲ್ಲಿ ಪ್ರೀತಿ ಕಳಕೊಂಡವನೊಬ್ಬ ನಡುರಾತ್ರಿ ಹುಡುಗಿಯ ಮನೆ ಬಿಟ್ಟು ಹೊರಡುತ್ತಾನೆ. ಕೋಮಲ ಗಾಂಧಾರದಲ್ಲೇ ನಡೆಯುತ್ತಾನೆ. ಕೊನೆಯ ನುಡಿಗೆ ಬಂದಾಗ, ನಿನ್ನ ಕನಸು ಕೆಡಿಸುವುದಿಲ್ಲ, ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋಗುತ್ತೇನೆ ಅನ್ನುವಾಗ, ಗಾಂಧಾರ ಶುದ್ಧವಾಗುತ್ತದೆ. ಕಣ್ಣು ತುಂಬುವುದು ಅಲ್ಲಿ. ಸುಖ ಬಂದಿಲ್ಲ. ಅದು ಬಾಗಿಲ ಆಚೆ ಮಲಗಿದೆ. ಕಡೆಯ ಸಾಲಿಗೆ ಮತ್ತೆ ಕೋಮಲ.

ಈ ಮಾಲೆಯನ್ನು ಗೆಳೆಯರಿಗೆ ತಾನೇ ಹಾಡಿ ಕೇಳಿಸಿದ. ಅವರಿಗೆ ದಿಗಿಲಾಯಿತು. ಒಬ್ಬ ಗೆಳೆಯ 'ಲಿಂಡನ್ ಮರ'ದ ಹಾಡೊಂದು ಮಾತ್ರ ಹಿಡಿಸಿತು ಎಂದ. ನನಗೆ ಇವು ನನ್ನ ಬೇರೆಲ್ಲ ಹಾಡಿಗಿಂತ ಇಷ್ಟ, ನಿಮಗೂ ಮುಂದೆ ಇಷ್ಟ ಆಗುತ್ತವೆ ಎಂದು ಶೂಬರ್ಟ್ ಹೇಳಿದನಂತೆ. ದೊಡ್ಡಪ್ಪ ಕೇಳಿದ ತಂಬೂರಿಯ ಹಾಡು ಈ ಮಾಲೆಯ ಕೊನೆಯದು.

1827ರ ಮಾರ್ಚಿನಲ್ಲಿ ಬೀಥೋವನ್ ತೀರಿಕೊಂಡ. ಶವಯಾತ್ರೆಯಲ್ಲಿ ಪಂಜು ಹಿಡಿದವರಲ್ಲಿ ಶೂಬರ್ಟ್ ಒಬ್ಬ. ಬೀಥೋವನ್ ಸತ್ತು ಸರಿಯಾಗಿ ಒಂದು ವರ್ಷಕ್ಕೆ, 1828ರ ಮಾರ್ಚ್ 26ರಂದು, ಬರೀ ತನ್ನ ರಚನೆಗಳದೇ ಸಾರ್ವಜನಿಕ ಕಚೇರಿ ಇಟ್ಟ. ಬದುಕಿನಲ್ಲಿ ಅದೊಂದೇ. ಸಭೆ ತುಂಬಿತ್ತು, ಕೈಗೆ ಹಣವೂ ಬಂತು. ಮೂರೇ ದಿನಕ್ಕೆ ಪಿಟೀಲಿನ ಮಾಂತ್ರಿಕ ಪಗನೀನಿ ವಿಯೆನ್ನಾದಲ್ಲಿ ಮೊದಲ ಕಚೇರಿ ಕೊಟ್ಟ. ಊರಿನ ಪತ್ರಿಕೆಗಳ ಕಣ್ಣೆಲ್ಲ ಆ ಕಡೆ ತಿರುಗಿತು.

ಆ ವರ್ಷ ಅವನು ಬರೆದದ್ದನ್ನು ಒಬ್ಬ ಮನುಷ್ಯ ಬರೆದನೇ ಅನಿಸುತ್ತದೆ. ಮೂರು ಕೊನೆಯ ಪಿಯಾನೊ ಸೊನಾಟಾ, ತಂತಿವಾದ್ಯಗಳ ಪಂಚಕ, ಇನ್ನಷ್ಟು ಹಾಡುಗಳು. ಒಂದು ಪಿಯಾನೊ ತ್ರಯಕ್ಕೆ ಲೈಪ್ಜಿಗ್‌ನ ಪ್ರಕಾಶಕ ಕೊಟ್ಟದ್ದು 20 ಗುಲ್ಡನ್ ಚಿಲ್ಲರೆ. ಗುಲ್ಡನ್ ಅಂದರೆ ಆಗಿನ ಅಲ್ಲಿಯ ನಾಣ್ಯ. ನವೆಂಬರ್ 4ರಂದು ಸ್ವರಗಳ ಹೆಣಿಗೆ ಕಲಿಯಲೆಂದು ಸೆಖ್ಟರ್ ಎಂಬ ಶಿಕ್ಷಕರ ಹತ್ತಿರ ಮೊದಲ ಪಾಠಕ್ಕೆ ಹೋದ. ಇಷ್ಟೆಲ್ಲ ಬರೆದ ಮೇಲೂ ಕಲಿಯಲು ಹೋದ. ಎರಡನೇ ಪಾಠ ಆಗಲಿಲ್ಲ. ನವೆಂಬರ್ 19ರಂದು ಅಣ್ಣ ಫರ್ಡಿನಾಂಡ್‌ನ ಮನೆಯಲ್ಲಿ ತೀರಿಕೊಂಡ. 31 ವರ್ಷ. ಹಾಸಿಗೆಯಲ್ಲಿ 'ವಿಂಟರ್‌ರೈಸ'ದ ಎರಡನೇ ಭಾಗದ ಕರಡು ತಿದ್ದುತ್ತಿದ್ದ. ಅಧಿಕಾರಿಗಳು ಬಂದು ಅವನ ಸೊತ್ತು ಪಟ್ಟಿ ಮಾಡಿದರು. ಬಟ್ಟೆಬರೆ, ಹಾಸಿಗೆ ಎಲ್ಲ ಸೇರಿ 63 ಗುಲ್ಡನ್. ಅದರಲ್ಲಿ ಹಳೆಯ ಸಂಗೀತದ ಕಾಗದಗಳಿಗೆ ಹಾಕಿದ ಬೆಲೆ 10 ಗುಲ್ಡನ್.

ಅವನ ದೊಡ್ಡ ಹಸ್ತಪ್ರತಿಗಳು ಬೇರೆ ಕಡೆ ಇದ್ದವು. ಗೆಳೆಯರ ಮನೆಯಲ್ಲಿ, ಅಣ್ಣನ ಹತ್ತಿರ. ಮುಂದಿನ ನಲವತ್ತು ವರ್ಷದ ಕತೆ ಅವುಗಳನ್ನು ಹುಡುಕಿ ತೆಗೆದ ಕತೆ.

1839ರ ಹೊಸ ವರ್ಷದಲ್ಲಿ ರಚನೆಕಾರ ಶೂಮನ್ ಫರ್ಡಿನಾಂಡ್‌ನ ಮನೆಗೆ ಹೋದ. ಕಾಗದದ ರಾಶಿಯಲ್ಲಿ ಸಿ ಮೇಜರ್‌ನ, ಅಂದರೆ ಸಿ ಎಂಬ ಸ್ವರವನ್ನು ಸಾ ಮಾಡಿಕೊಂಡ, ದೊಡ್ಡ ಸಿಂಫನಿ ಸಿಕ್ಕಿತು. ಶೂಬರ್ಟ್ ಇರುವಾಗಲೇ ವಿಯೆನ್ನಾದ ಸಂಗೀತಪ್ರಿಯರ ಸಂಘ ಅದನ್ನು ನುಡಿಸಿ ನೋಡಿ, ತೀರ ಕಷ್ಟ, ತೀರ ಉದ್ದ ಎಂದು ಬದಿಗಿಟ್ಟಿತ್ತು. ಶೂಮನ್ ಅದನ್ನು ಲೈಪ್ಜಿಗ್‌ಗೆ ಕಳಿಸಿದ. ಮಾರ್ಚ್ 21ರಂದು ಅಲ್ಲಿನ ವಾದ್ಯವೃಂದದ ನಿರ್ದೇಶಕ ಮೆಂಡೆಲ್ಸನ್ ಅದನ್ನು ನುಡಿಸಿದ, ಅದೂ ಸ್ವಲ್ಪ ಕತ್ತರಿಸಿ. ಶೂಮನ್ ಅದರ ಉದ್ದವನ್ನು ಸ್ವರ್ಗದ ಉದ್ದ ಎಂದು ಕರೆದ. ಮುಕ್ಕಾಲು ಗಂಟೆಯ ಬಡಾ ಖ್ಯಾಲ್‌ಗೆ ಒಗ್ಗಿದ ನಮ್ಮವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಒಂದೇ ಭಾವವನ್ನು ಬಿಡದೆ, ಅವಸರ ಮಾಡದೆ ತಿರುಗಿ ತಿರುಗಿ ನೋಡುವ ಸುಖ ಅದು.

ಇನ್ನೊಂದು, ಬಿ ಮೈನರ್‌ನ ಸಿಂಫನಿ. ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ. 1822ರಲ್ಲಿ ಶೂಬರ್ಟ್ ಇದರ ಎರಡನ್ನು ಪೂರ್ತಿ ಮಾಡಿ, ಮೂರನೆಯದನ್ನು ಶುರು ಮಾಡಿ ಬಿಟ್ಟ. ಹಾಗಾಗಿ ಹೆಸರೇ 'ಅಪೂರ್ಣ'. ಆ ಪ್ರತಿ ಅನ್ಸೆಲ್ಮ್ ಹ್ಯೂಟೆನ್‌ಬ್ರೆನ್ನರ್ ಎಂಬ ಗೆಳೆಯನ ಹತ್ತಿರ ಹೋಯಿತು. ಅಲ್ಲೇ ಉಳಿಯಿತು, ಸುಮಾರು 40 ವರ್ಷ. ಹೆರ್ಬೆಕ್ ಎಂಬ ನಿರ್ದೇಶಕ ಹೋಗಿ ಅದನ್ನು ಹೊರಗೆ ತಂದು 1865ರ ಡಿಸೆಂಬರ್ 17ರಂದು ವಿಯೆನ್ನಾದಲ್ಲಿ ನುಡಿಸಿದ. ಇಂದು ಜಗತ್ತಿನ ಎಲ್ಲ ವಾದ್ಯವೃಂದಗಳೂ ನುಡಿಸುವ ರಚನೆ ಅದು. ಬರೆದವನ ಕಿವಿಗೆ ಅದು ಒಮ್ಮೆಯೂ ಬೀಳಲಿಲ್ಲ.

ಓಟೋ ಎರಿಕ್ ಡಾಯ್ಚ್ ಎಂಬ ವಿದ್ವಾಂಸರು 1951ರಲ್ಲಿ ಅವನ ರಚನೆಗಳನ್ನೆಲ್ಲ ಕಾಲಕ್ರಮದಲ್ಲಿ ಪಟ್ಟಿ ಮಾಡಿದರು. ಹೆಚ್ಚುಕಡಿಮೆ ಸಾವಿರ. ಯೂಟ್ಯೂಬಿನಲ್ಲಿ ಹುಡುಕುವಾಗ ಹೆಸರಿನ ಮುಂದೆ 'ಡಿ' ಎಂದು ಕಾಣುವ ಸಂಖ್ಯೆ ಅವರದು.

ಕೇಳಲು ಶುರು ಮಾಡುವವರು 'ಏರ್ಲ್‌ಕೋನಿಗ್'ನಿಂದ ಶುರು ಮಾಡಿ, ನಾಲ್ಕೇ ನಿಮಿಷ. ಆಮೇಲೆ 'ಅಪೂರ್ಣ'ದ ಎರಡು ಭಾಗ. ಕೊನೆಗೆ ಡಿ 956, ಆ ಪಂಚಕದ ಎರಡನೇ ಭಾಗ. ಸಾಯುವ ಎರಡು ತಿಂಗಳ ಮೊದಲಿನದು. ಪ್ರಕಾಶಕನಿಗೆ ಕೊಡುತ್ತೇನೆಂದು ಬರೆದರೂ ಅವನು ತೆಗೆದುಕೊಳ್ಳಲಿಲ್ಲ. ಮೊದಲ ಕಚೇರಿ 1850ರಲ್ಲಿ, ಅಚ್ಚಾದದ್ದು 1853ರಲ್ಲಿ. ನಡುವಿನ ಮೂರು ವಾದ್ಯಗಳು ಉಸಿರು ಬಿಟ್ಟ ಹಾಗೆ ನಿಧಾನ ಸ್ವರ ಹಿಡಿದಿರುತ್ತವೆ. ಮೇಲಿನ ಪಿಟೀಲು ಎರಡೆರಡು ಸ್ವರ ಆಡಿ ಸುಮ್ಮನಾಗುತ್ತದೆ. ಕೆಳಗಿನ ಚೆಲ್ಲೊ, ಅಂದರೆ ತಗ್ಗಿನ ಸ್ವರದ ದೊಡ್ಡ ಪಿಟೀಲು, ಬೆರಳಿನಿಂದ ಮೀಟಿ ಉತ್ತರ ಕೊಡುತ್ತದೆ. ಮೊನ್ನೆ ದೊಡ್ಡಪ್ಪನಿಗೆ ಅದನ್ನು ಹಾಕಿ ಕೊಟ್ಟೆ. ಮುಗಿದ ಮೇಲೆ ಅವರು ಏನೂ ಹೇಳಲಿಲ್ಲ. ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು.